ಸಣ್ಣ ಯಂತ್ರದ ವಿದ್ಯೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಹಳ್ಳಿಗಳಿಂದ ಬಂದು ಇಂದು ಪದವಿಯನ್ನು ಸ್ವೀಕರಿಸುತ್ತಿರುವ ತರುಣ ತರುಣಿಯರೆ,

ನನ್ನ ಆಯುಷ್ಯದ ಬಹುಭಾಗವನ್ನು ಪಡೆದುಕೊಂಡ ಒಂದು ಸಣ್ಣ ಯಂತ್ರದ ವಿಚಾರವನ್ನು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ.

ಅದರ ಹೆಸರು ಪ್ಲಾಸ್ಮಾ ಫೋಕಸ್. 1960ರ ಆಸುಪಾಸಿನಲ್ಲಿ ಸೋವಿಯೆತ್ ದೇಶದ ಫಿಲಿಪ್ಪೊವ್ ಮತ್ತು ಅಮೆರಿಕೆಯ ಮೇದರ್ ಇವರೀರ್ವರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಇದನ್ನು ರೂಪಿಸಿದರು. ಒಂದರೊಳಗೊಂದು ನಿಲ್ಲಿಸಿದ ಎರಡು ವಿದ್ಯುದ್ವಾರಗಳ ನಡುವೆ ವಿರಳವಾದ ಡ್ಯೂಟೀರಿಯಮ್ ಅನಿಲವನ್ನು ತುಂಬಿ, ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೆ ಹರಿಯಬಿಟ್ಟರೆ, ಅಲ್ಲಿ ಹುಟ್ಟಿದ ಪ್ಲಾಸ್ಮಾದ ಪೊರೆಯು ತನ್ನದೇ ಕಾಂತಬಲದಿಂದ ತುದಿಯವರೆಗೆ ಓಡಿ, ಅಕ್ಷದ ಮೇಲೆ ಕುಸಿದು, ಸೆಕೆಂಡನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರ ಕೆಲವೇ ಪಾಲಿನಷ್ಟು ಕಾಲ ಕೋಟಿ ಡಿಗ್ರಿಯ ಆಸುಪಾಸಿಗೆ ಕಾದು, ಕ್ಷ-ಕಿರಣಗಳನ್ನೂ ನ್ಯೂಟ್ರಾನುಗಳನ್ನೂ ಹೊರಚೆಲ್ಲುತ್ತದೆ. 1985–86ರಲ್ಲಿ ಕೌಲಾಲಂಪುರದ ಮಲಯ ವಿಶ್ವವಿದ್ಯಾಲಯದಲ್ಲಿ ಸಿಂಗ್ ಲೀ ಎಂಬ ಆಚಾರ್ಯರು 30 ಮೈಕ್ರೊಫ್ಯಾರಡಿನ ಒಂದೇ ಕೆಪಾಸಿಟರನ್ನು 15 ಸಾವಿರ ವೋಲ್ಟಿಗೆ ಏರಿಸಿ ನಡೆಸಬಲ್ಲ ಯಂತ್ರವನ್ನು ಏಷ್ಯ ಆಫ್ರಿಕಗಳ ತರುಣ ಸಂಶೋಧಕರ ಕೈಯಿಂದಲೇ ಕಟ್ಟಿಸಿದರು. ದಿಲ್ಲಿ ವಿಶ್ವವಿದ್ಯಾಲಯದಲ್ಲಿಯೂ ಅಂತಹುದೊಂದು ನಡೆಯಿತು. ಬಡ ದೇಶಗಳ ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಉಪಕಾರವನ್ನು ನಾನು ಕಂಡಿಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಶಾಟಿಗೆ, ಅಂದರೆ ಒಮ್ಮೆ ವಿದ್ಯುತ್ತನ್ನು ಹರಿಯಬಿಟ್ಟಾಗ, 3,300 ಜೂಲಿನಷ್ಟು ಶಕ್ತಿ ಒಳಗೆ ಹೋಗುತ್ತದೆ; ಹತ್ತು ಕೋಟಿಯಷ್ಟು ನ್ಯೂಟ್ರಾನುಗಳು ಹೊರಬರುತ್ತವೆ. ಡ್ಯೂಟೀರಿಯಮ್ಮಿನ ಬೈಜಿಕ ಸಮ್ಮಿಲನದಿಂದ ದೊರೆತ ಶಕ್ತಿ ಇಟ್ಟದ್ದರ ಮೂರು ಕೋಟಿಯಲ್ಲೊಂದು ಪಾಲು! ಒಂದು ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಅವರು 1955ರಲ್ಲಿ ಜಿನೀವಾದಲ್ಲಿ, ಎರಡು ದಶಕಗಳೊಳಗೆ ಈ ಶಕ್ತಿ ಮನುಷ್ಯನ ಹಿಡಿತಕ್ಕೆ ಬಂದೀತೆಂದು ನುಡಿದಿದ್ದರು. ಬರಲಿಲ್ಲ. ನಮ್ಮ ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ಪ್ರತಿಯಾಗಿ ಇದನ್ನು ನಿಲ್ಲಿಸುವೆನೆಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಈ ಪ್ರಾಮಾಣಿಕತೆಯನ್ನು ನನಗೆ ಕಲಿಸಿದವರು ನನ್ನ ಗುರುಗಳು. ಹೊಸದಾಗಿ ಜೋಡಿಸಿದ ಯಂತ್ರದ ಗಾಜಿನ ನಿರೋಧಕವು ಹದಕ್ಕೆ ಬರುವವರೆಗೆ ಮೊದಲ ಶಾಟುಗಳು ವ್ಯರ್ಥವಾಗುತ್ತವೆ. ಆಸಿಲೋಸ್ಕೋಪಿನ ಪರದೆಯಲ್ಲಿ ವಿದ್ಯುತ್ಪ್ರವಾಹದ ರೇಖೆ ತಟ್ಟನೆ ಕುಗ್ಗಬೇಕಾದಲ್ಲಿ ಕುಗ್ಗುವುದಿಲ್ಲ. ಆ ವ್ಯರ್ಥ ಶಾಟುಗಳನ್ನೂ ಒತ್ತಡ, ವೋಲ್ಟೇಜು, ವೇಳೆಗಳ ಸಹಿತ ಮಸಿಯಲ್ಲಿಯೇ ಬರೆಯಬೇಕು, ಹಾಳೆ ಹರಿಯಕೂಡದು, ತಿದ್ದಿದ್ದನ್ನು ಒಂದೇ ಗೆರೆಯಿಂದ ಹೊಡೆಯಬೇಕು ಎಂಬುದು ಅವರ ಕಟ್ಟಳೆ. ನ್ಯೂಟ್ರಾನು ಬಂದಿತೆಂದು ನಾವು ಓಡಿ ಹೋಗಿ ಹೇಳಿದರೆ, ಯಾವ ದಿಕ್ಕಿನಲ್ಲಿ ಎಷ್ಟೆಂದು ಕೇಳುತ್ತಿದ್ದರು. ಏಕೆಂದರೆ ದಿಕ್ಕಿನಿಂದ ದಿಕ್ಕಿಗೆ ಎಣಿಕೆ ಬೇರೆಯಾದರೆ, ಅವು ಉಷ್ಣತೆಯಿಂದಲ್ಲದೆ ವೇಗವರ್ಧಿತ ಅಯಾನುಗಳ ಡಿಕ್ಕಿಯಿಂದ ಹುಟ್ಟಿದವೆಂದು ಶಂಕಿಸಬೇಕು. 1958ರಲ್ಲಿ ಬ್ರಿಟನ್ನಿನ ಜೀಟಾ ಯಂತ್ರದವರು ಲೋಕಕ್ಕೆಲ್ಲ ಸಾರಿದ ಬೈಜಿಕ ಸಮ್ಮಿಲನದ ವಿಜಯವನ್ನು ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡದ್ದನ್ನು ಅವರು ಪ್ರತಿ ಹೊಸ ವಿದ್ಯಾರ್ಥಿಗೂ ತಪ್ಪದೆ ಹೇಳುತ್ತಿದ್ದರು.

ಇಂದಿನ ತರುಣರಲ್ಲಿ ನನಗೆ ಸಹನೆ ತಪ್ಪುವುದು ಇಲ್ಲಿಯೇ. ಒಳ್ಳೆಯ ಶಾಟುಗಳನ್ನಷ್ಟೇ ಕಂಪ್ಯೂಟರಿನಲ್ಲಿ ಉಳಿಸಿ ಮಿಕ್ಕವನ್ನು ಅಳಿಸುವಿರಿ; ಯಂತ್ರವನ್ನು ಬಿಚ್ಚದೆ ಅದರ ಮೇಲೆ ಪ್ರಬಂಧ ಬರೆಯುವಿರಿ. ಗಣಕದ ಮಾದರಿಗಳು ಬೇಡವೆಂದಲ್ಲ, ಸಿಂಗ್ ಲೀ ಅವರೇ ಉತ್ತಮ ಮಾದರಿಯೊಂದನ್ನು ಕೊಟ್ಟಿದ್ದಾರೆ. ಆದರೆ ಅದೂ ಅಳೆದ ಪ್ರವಾಹದ ರೇಖೆಗೆ ಹೊಂದಿಸಿದ ಮೇಲೆಯೇ ನುಡಿಯುತ್ತದೆ.

ನನ್ನ ಆಸೆ ಬೇರೊಂದಿದೆ. ನ್ಯೂಟ್ರಾನು ನೀರಿನಲ್ಲಿರುವ ಹೈಡ್ರೊಜನ್ನಿಗೆ ತಾಕಿ ನಿಧಾನವಾಗುತ್ತದೆ. ಮಣ್ಣಿನ ತೇವವನ್ನು ಅಳೆಯುವ ಉಪಕರಣಗಳು ಇದನ್ನೇ ನೆಚ್ಚಿವೆ, ಆದರೆ ಅವುಗಳೊಳಗಿನ ವಿಕಿರಣಶೀಲ ಮೂಲವು ಹಗಲಿರುಳೂ ಆರದು. ಪ್ಲಾಸ್ಮಾ ಫೋಕಸಿನಿಂದ, ಸ್ವಿಚ್ಚು ತೆಗೆದೊಡನೆ ನಿಲ್ಲುವ ಸಣ್ಣ ಮೂಲವೊಂದು ಸಿದ್ಧವಾಗಿ, ಇಂಡಿ ಸಿಂದಗಿಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಬೇರಿಗೆ ಎಷ್ಟು ಆಳದಲ್ಲಿ ಎಷ್ಟು ತೇವ ಉಳಿದಿದೆಯೆಂದು ನಿಮ್ಮಲ್ಲೊಬ್ಬರು ಅಳೆದು ತೋರಿಸಬೇಕು.

ಕೈಹಾಕುವವರಿಗೆ ಎರಡು ಮಾತು. ಶಾಟು ಮುಗಿದರೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಅರ್ಥಿಂಗ್ ಕೋಲು ತಾಗಿಸದೆ ಮುಟ್ಟಬೇಡಿರಿ, ಒಬ್ಬಂಟಿಯಾಗಿ ಎಂದಿಗೂ ನಡೆಸಬೇಡಿರಿ. ವಿಕಿರಣದ ಅನುಮತಿಪತ್ರಗಳನ್ನು ಮೊದಲೇ ಪಡೆಯಿರಿ. ಕುಲಪತಿಗಳಲ್ಲಿ ನನ್ನ ಬಿನ್ನಹ: ಭೌತಶಾಸ್ತ್ರ ವಿಭಾಗಕ್ಕೆ ಒಂದು ಲೇಥು, ಗಾಜು ಊದಬಲ್ಲ ಒಬ್ಬ ಕುಶಲಕರ್ಮಿ, ಸಂಜೆಯ ಮೇಲೂ ಬೀಗ ಬೀಳದ ಒಂದು ಕಾರ್ಯಾಗಾರ, ಇಷ್ಟನ್ನು ಈ ವರ್ಷದ ಆಯವ್ಯಯದಲ್ಲಿಯೇ ಸೇರಿಸಿಕೊಡಬೇಕು.