ದೋಣಿ ಕೊಂಡವನೇ ಅಂಬಿಗ

(ನಂಜನಗೂಡು ತಾಲ್ಲೂಕು ತಾಂಡವಪುರದ ಸಂಜೆ ಸಭೆಯೊಂದರಲ್ಲಿ ಆಡಿದ ಮಾತಿನ ಬರಹರೂಪ)



ತಾಂಡವಪುರದಲ್ಲಿ ನಿಂತು ಕಡಲಿನ ದೋಣಿಯ ಬಗ್ಗೆ ಮಾತನಾಡುತ್ತೇನೆಂದರೆ ನಿಮಗೆ ನಗು ಬರಬಹುದು. ನಮಗೆ ಗೊತ್ತಿರುವ ನೀರು ಕಪಿಲೆಯದು. ಅದನ್ನೂ ನಾವು ದೋಣಿಯಲ್ಲಿ ದಾಟಿದವರಲ್ಲ. ನಂಜುಂಡೇಶ್ವರನ ದರ್ಶನಕ್ಕೆ ಹೋಗುವ ದಾರಿಯಲ್ಲಿ 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಸೇತುವೆ ಇದೆಯಲ್ಲ, ಅಂದಿನಿಂದಲೂ ಹೊಳೆ ನಮ್ಮ ಕಾಲ ಕೆಳಗೇ ಹರಿದುಕೊಂಡು ಹೋಗುತ್ತಿದೆ.

ಆದರೆ ಈ ವಿಷಯ ಹುಟ್ಟಿದ್ದು ನಮ್ಮ ಕಡೆಯವನೊಬ್ಬನ ಪ್ರಶ್ನೆಯಿಂದಲೇ. ಅವನಿಗೆ ಮಂಗಳೂರಿನಲ್ಲಿ ಕೆಲಸ. ರಜೆಗೆ ಬಂದಿದ್ದಾಗ, "ಮೇಷ್ಟ್ರೇ, ಭಾನುವಾರ ಹೆಂಡತಿ ಮಕ್ಕಳನ್ನ ಕಡಲಲ್ಲಿ ಸುತ್ತಾಡಿಸೋಕೆ ಒಂದು ಸಣ್ಣ ಮೋಟಾರು ದೋಣಿ ತಗೊಳ್ಳೋಣ ಅಂತಿದೀನಿ, ಯಾವುದು ತಗೊಳ್ಲಿ?" ಎಂದು ಕೇಳಿದ. ಕೈಯಲ್ಲಿ ನಾಲ್ಕಾರು ದೋಣಿಗಳ ಚಿತ್ರ ಇತ್ತು. ಬಣ್ಣ, ವೇಗ, ಬೆಲೆ ಎಲ್ಲವನ್ನೂ ಬರೆದುಕೊಂಡಿದ್ದ. "ಯಾವ ನೀರಿಗೆ?" ಎಂದೆ. "ನೀರು ನೀರೇ ಅಲ್ವಾ ಮೇಷ್ಟ್ರೇ?" ಎಂದ. ಅವನಿಗೆ ಆ ದಿನ ಅರ್ಧ ಹೇಳಿದ ಉತ್ತರವನ್ನು ಇವತ್ತು ಪೂರ್ತಿ ಹೇಳುತ್ತೇನೆ.

ನೀರು ನೀರೇ ಅಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಹತ್ತಿರವೇ ಇದೆ. ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ತಲಕಾಡಿನ ಕಡೆಗೆ ಹೋಗುತ್ತದೆ. ಆ ಪಾತ್ರದಲ್ಲಿ ನೀವು ಕಾಣುವುದು ಉದ್ದನೆಯ ದೋಣಿಯಲ್ಲ, ಬುಟ್ಟಿಯಂಥ ಹರಿಗೋಲು. ಅದನ್ನು ತೆಪ್ಪ ಎಂದೂ ಕರೆಯುತ್ತೇವೆ. ಬಿದಿರಿನ ಸೀಳುಗಳನ್ನು ಹೆಣೆದು, ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ನೋಡಿದವರು ಇದು ದೋಣಿ ಕಟ್ಟಲು ಬಾರದವರ ಕೆಲಸ ಎಂದುಕೊಂಡಾರು. ಹಾಗಲ್ಲ. ನಮ್ಮ ಹೊಳೆಗಳ ತಳದಲ್ಲಿ ಬಂಡೆ, ಮರಳು; ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಹರಿಗೋಲು ಗೇಣು ನೀರಿನಲ್ಲಿ ತೇಲುತ್ತದೆ. ಬಂಡೆಗೆ ತಾಗಿದರೆ ಒಡೆಯದೆ ಬಾಗಿ, ಜಾರಿ, ತಿರುಗಿ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಂಬಿಗ ಅದನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಹತ್ತಿದವರೆಲ್ಲ ಅಂಚಿನ ಸುತ್ತ ತಳದಲ್ಲೇ ಕೂರಬೇಕು, ಯಾರೂ ನಿಲ್ಲಕೂಡದು. ಭಾರ ಕೆಳಗಿರಬೇಕು, ಸಮನಾಗಿ ಹಂಚಿರಬೇಕು ಎಂಬ ವಿಜ್ಞಾನ ಆ ಒಂದು ಮಾತಿನಲ್ಲಿದೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಇಂಥ ತೊಗಲಿನ ಬುಟ್ಟಿದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು, ಆದರೆ ಸದಾ ತಿರುಗುತ್ತಲೇ ಇರುತ್ತವೆ ಎಂಬುದು ಅವನ ಮಾತಿನ ಸಾರ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಯೂಫ್ರೆಟಿಸ್ ನದಿಯಲ್ಲಿ ಬಾಬಿಲೋನಿಗೆ ಸರಕು ತರುವ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಪ್ರತಿ ದೋಣಿಯಲ್ಲೂ ಒಂದು ಕತ್ತೆ! ಸೆಳವಿಗೆ ಎದುರಾಗಿ ಹಿಂದಿರುಗಲು ಆಗದ ಕಾರಣ, ಸರಕಿನ ಜೊತೆ ದೋಣಿಯ ಚೌಕಟ್ಟನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರು ಸೇರುತ್ತಿದ್ದರಂತೆ. ದೋಣಿಯ ಆಕಾರವನ್ನೂ ಪ್ರಯಾಣದ ರೀತಿಯನ್ನೂ ನಿರ್ಧರಿಸಿದ್ದು ಹೊಳೆಯೇ.

ಈಗ ಘಟ್ಟ ಇಳಿಯೋಣ. ಕರಾವಳಿಯ ಹೊಳೆ, ಹಿನ್ನೀರುಗಳಲ್ಲಿ ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ಪಾತಿದೋಣಿ ಇದೆ. ಕಡಲಿಗೆ ಬೇರೆ ಬಗೆ: ಅಲೆಯನ್ನು ಸೀಳಲು ಚೂಪಾದ ಮುಂಭಾಗ, ಪಕ್ಕಕ್ಕೆ ಜಾರದಂತೆ ತಳದುದ್ದಕ್ಕೂ ಒಂದು ಏಣು, ಎತ್ತರದ ಪಕ್ಕೆ. 14ನೇ ಶತಮಾನದಲ್ಲಿ ಹೊನ್ನಾವರ, ಮಂಗಳೂರುಗಳನ್ನು ನೋಡಿದ್ದ ಇಬ್ನ್ ಬತೂತ, ಈ ಸಮುದ್ರದ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆ ಎಂದು ಬರೆದಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂಬ ಕಾರಣವನ್ನೂ ಕೊಟ್ಟಿದ್ದಾನೆ. ನಮ್ಮ ಹರಿಗೋಲಿನ ಬುದ್ಧಿಯೇ ಅಲ್ಲಿಯೂ ಕೆಲಸ ಮಾಡಿತ್ತು.

ಮೋಟಾರು ಬಂದ ಮೇಲೆ ಕಥೆ ಬದಲಾಯಿತು. ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್ನನ್ನು ಜನಪ್ರಿಯಗೊಳಿಸಿದವನು ಅಮೆರಿಕದ ಮಿಲ್ವಾಕಿಯ ಓಲೆ ಎವಿನ್‌ರೂಡ್. ಅವನು ಅದನ್ನು ಮಾರಾಟಕ್ಕೆ ತಂದದ್ದು 1909ರಲ್ಲಿ. ಕೈಹಿಡಿಯಬೇಕಾಗಿದ್ದ ಹುಡುಗಿಗೆ ಐಸ್‌ಕ್ರೀಮ್ ತರಲು ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಗಿತ್ತು, ಆ ಬೇಸರದಿಂದಲೇ ಎಂಜಿನ್ ಹುಟ್ಟಿತು ಎಂದು ಹೇಳುತ್ತಾರೆ. ಅಂತೂ ಅಂಬಿಗನ ತೋಳಿನ ಕೆಲಸವನ್ನು ಪೆಟ್ರೋಲು ಮಾಡತೊಡಗಿತು. ಅಂಬಿಗನ ತಲೆಯ ಕೆಲಸವನ್ನು ಅದು ಮಾಡಲಿಲ್ಲ, ಇಂದಿಗೂ ಮಾಡುವುದಿಲ್ಲ. ನಮ್ಮ ಹುಡುಗನ ಪಟ್ಟಿಯಲ್ಲಿ ಇಲ್ಲದೆ ಇದ್ದದ್ದು ಇದೇ.

ಈಗ ಅವನ ದೋಣಿಯನ್ನು ಆರಿಸೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಒಬ್ಬರೋ ಇಬ್ಬರೋ ನೆಂಟರು. ಹದಿನಾರರಿಂದ ಇಪ್ಪತ್ತು ಅಡಿಯ ಫೈಬರ್ ದೋಣಿ ಸಾಕು. ತಳ ಚಪ್ಪಟೆಯಾಗಿದ್ದರೆ ಹಿನ್ನೀರಿನಲ್ಲಿ ಸುಖ. ಕಡಲಿನಲ್ಲಿ ಅದು ಪ್ರತಿ ಅಲೆಗೂ ಪಟಪಟನೆ ಬಡಿಯುತ್ತದೆ, ಮಕ್ಕಳ ಬೆನ್ನುಮೂಳೆಗೆ ಏಟು. ಕಡಲಿಗಾದರೆ ತಳ ಆಳವಾದ ವಿ ಆಕಾರದಲ್ಲಿರಬೇಕು. ಅದು ಅಲೆಯನ್ನು ಕತ್ತರಿಸಿ ಸಾಗುತ್ತದೆ. ಆದರೆ ನಿಂತಾಗ ಸ್ವಲ್ಪ ಹೆಚ್ಚು ಹೊಯ್ದಾಡುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ಎರಡೂ ಸುಖ ಒಂದೇ ದೋಣಿಯಲ್ಲಿ ಸಿಗುವುದಿಲ್ಲ. ಪಕ್ಕೆ ಮಗುವಿನ ಸೊಂಟಕ್ಕಿಂತ ಎತ್ತರವಿರಲಿ. ನೀರು ತುಂಬಿದರೂ ಮುಳುಗದಂತೆ ಆಸನದ ಕೆಳಗೆ, ತಳದೊಳಗೆ ತೇಲುವ ಫೋಮ್ ತುಂಬಿದೆಯೇ ಎಂದು ಕೇಳಿ.

ಎಂಜಿನ್ ದೊಡ್ಡದಿದ್ದಷ್ಟೂ ಒಳ್ಳೆಯದಲ್ಲ. ತಯಾರಕರು ದೋಣಿಗೆ ಹೇಳಿದ ಮಿತಿ ಮೀರಿದರೆ ಹಿಂಭಾಗ ಭಾರವಾಗಿ ಅಲೆ ಒಳಗೆ ನುಗ್ಗುತ್ತದೆ. ನಲವತ್ತು ಅಶ್ವಶಕ್ತಿಯ ಎಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ 12ರಿಂದ 15 ಲೀಟರ್ ಪೆಟ್ರೋಲು ಬೇಡುತ್ತದೆ. ಅನುಭವಿಗಳು ಪೆಟ್ರೋಲನ್ನು ಮೂರು ಪಾಲು ಮಾಡುತ್ತಾರೆ: ಹೋಗಲು ಒಂದು, ಬರಲು ಒಂದು, ಆಪತ್ತಿಗೆ ಒಂದು. ಎಂಜಿನ್ ನಿಂತರೆ ಹುಟ್ಟು ಬೇಕು, ಉದ್ದನೆಯ ಹಗ್ಗದ ಲಂಗರು ಬೇಕು. ಮನೆಗೆ ಬಂದ ಮೇಲೆ ಎಂಜಿನ್ನಿನೊಳಗೆ ಸಿಹಿನೀರು ಹರಿಸಿ ಉಪ್ಪು ತೊಳೆಯಬೇಕು. ನೋಂದಣಿ, ವಿಮೆಗಳ ವಿಚಾರವನ್ನು ಹಣ ಕೊಡುವ ಮೊದಲೇ ಬಂದರು ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಎಲ್ಲ ಸರಿಯಾದ ದೋಣಿಯೂ ತಪ್ಪು ಹೊತ್ತಿನಲ್ಲಿ ತಪ್ಪು ದೋಣಿಯೇ. ನಮ್ಮ ಕರಾವಳಿಯಲ್ಲಿ ಅತಿ ಅಪಾಯದ ಜಾಗ ನಡುಗಡಲಲ್ಲ, ಹೊಳೆ ಕಡಲು ಸೇರುವ ಅಳಿವೆ ಬಾಗಿಲು. ಅಲ್ಲಿ ಮರಳಿನ ದಿಬ್ಬ ಮೇಲೆದ್ದಿರುತ್ತದೆ, ಮಳೆಗಾಲ ಕಳೆದಂತೆ ಜಾಗ ಬದಲಿಸುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆ ಹೊರಕ್ಕೆ ನುಗ್ಗುವಾಗ ಎದುರಿನಿಂದ ಕಡಲ ಅಲೆ ಬಂದರೆ ಅಲೆಗಳು ಗೋಡೆಯಂತೆ ಕಡಿದಾಗಿ ಏಳುತ್ತವೆ. ಇನ್ನು ಗಾಳಿ. ಬೇಸಿಗೆಯಲ್ಲಿ ಬೆಳಗ್ಗೆ ಶಾಂತವಾಗಿದ್ದ ಕಡಲು ಮಧ್ಯಾಹ್ನದ ಕಡಲಗಾಳಿಗೆ ಕೆರಳುತ್ತದೆ. ಬೆಳಗ್ಗೆ ಬೇಗ ಹೋಗಿ ಊಟದ ಹೊತ್ತಿಗೆ ದಡ ಸೇರುವುದು ಸಂಸಾರಸ್ಥರ ಕ್ರಮ. ಮಳೆಗಾಲದಲ್ಲಂತೂ ದೋಣಿ ಮನೆಯ ಹಿತ್ತಲಲ್ಲಿರಲಿ.

ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಆದರೆ ಎರಡು ದಿನಗಳನ್ನು ಮರೆಯಬಾರದು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಅಲೆಯೇ ಇಲ್ಲದ ಕೆರೆಯಲ್ಲಿ, ಎರಡು ಅಂತಸ್ತಿನ ದೋಣಿಯಲ್ಲಿದ್ದವರು ಕಾಡುಪ್ರಾಣಿ ನೋಡಲು ಒಂದೇ ಬದಿಗೆ ಸರಿದರು. ದೋಣಿ ಮಗುಚಿ 45 ಜನ ಸತ್ತರು. ಹರಿಗೋಲಿನವನು ಯಾಕೆ ಯಾರನ್ನೂ ನಿಲ್ಲಗೊಡುವುದಿಲ್ಲ ಎಂದು ಈಗ ತಿಳಿಯಿತಲ್ಲ? ನಮ್ಮದೇ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿತು. 16 ಮಂದಿ ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಮಿತಿ ಮೀರಿ ಜನ ಹತ್ತಿದ್ದರು, ಎಲ್ಲರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ ಎಂದು ಆಗ ವರದಿಯಾಗಿತ್ತು. ಹತ್ತಿದವರಲ್ಲಿ ಬಯಲುಸೀಮೆಯಿಂದ ಬಂದ ನಮ್ಮಂಥವರೂ ಇದ್ದರು. ಕಡಲಿನ ಗುಣ ಅವರಿಗೆ ಗೊತ್ತಿರಲಿಲ್ಲ.

ನಮ್ಮ ದಾಸರು ದೇವರನ್ನೇ ಅಂಬಿಗ ಎಂದು ಕರೆದರು. ನಂಬಿಕೆ ಇಡಬೇಕಾದದ್ದು ದಾಟಿಸುವವನ ಮೇಲೆ ಎಂದು ಅವರಿಗೆ ಗೊತ್ತಿತ್ತು. ಬಾಡಿಗೆ ದೋಣಿ ಹತ್ತಿದರೆ ಅಲ್ಲಿ ಒಬ್ಬ ಅಂಬಿಗ ಇರುತ್ತಾನೆ, "ಇವತ್ತು ಬೇಡ" ಎನ್ನುವ ಹೊಣೆ ಅವನದು. ಸ್ವಂತ ದೋಣಿ ಕೊಂಡ ದಿನ ಆ ಹೊಣೆ ಮನೆಯ ಯಜಮಾನನ ಮೇಲೆ ಬೀಳುತ್ತದೆ. ಮಕ್ಕಳು ಬಟ್ಟೆ ಹಾಕಿಕೊಂಡು, ಚಿತ್ರಾನ್ನದ ಡಬ್ಬಿ ಹಿಡಿದು ಕಾಯುತ್ತಿರುವಾಗ, ಗಾಳಿ ನೋಡಿ "ಇವತ್ತು ಬೇಡ" ಎನ್ನಲು ಅವನಿಗೆ ಬಾಯಿ ಬರಬೇಕು.

ಅದಕ್ಕೇ ನಮ್ಮ ಹುಡುಗನಿಗೆ ಹೇಳಿದೆ: "ಒಂದು ವರ್ಷ ಏನೂ ಕೊಳ್ಳಬೇಡಪ್ಪ. ಭಾನುವಾರ ಮೀನುಗಾರರ ಜೊತೆ ಹೋಗು. ಅಳಿವೆಯನ್ನು ಉಬ್ಬರದಲ್ಲಿ ನೋಡು, ಇಳಿತದಲ್ಲಿ ನೋಡು. ಮೊದಲು ಜಾಕೆಟ್ ಕೊಂಡುಕೋ, ಮಕ್ಕಳಿಗೆ ಅವರವರ ಅಳತೆಯದು." ಅವನಿಗೆ ಸ್ವಲ್ಪ ನಿರಾಸೆಯಾಯಿತು. ಮುಂದಿನ ಸಲ ಬಂದಾಗ ದೋಣಿಗಳ ಚಿತ್ರ ತೋರಿಸಲಿಲ್ಲ. "ಮೇಷ್ಟ್ರೇ, ಇಳಿತದಲ್ಲಿ ನೇತ್ರಾವತಿ ಅಳಿವೆ ನೋಡಿದೆ" ಎಂದ, ಅಷ್ಟೆ. ಇನ್ನು ಅವನು ದೋಣಿ ಕೊಳ್ಳಬಹುದು ಎಂದುಕೊಂಡೆ.