ಲಾಲ್‌ಬಾಗಿನ ಕ್ರಿಸ್‌ಮಸ್ ಮರಕ್ಕೆ ಕಛ್‌ನಲ್ಲಿ ನೆಂಟರು

ಲಾಲ್‌ಬಾಗಿಗೆ ಹೋದವರು ಇದನ್ನು ನೋಡೇ ಇರ್ತೀರಿ. ಕಂಬದ ಹಾಗೆ ಮೇಲೆದ್ದ ಕಾಂಡ, ಸುತ್ತು ಸುತ್ತಾಗಿ ಚಾಚಿದ ಕೊಂಬೆ. ಅರಾಕೇರಿಯ. ನರ್ಸರಿಯಲ್ಲಿ ಕುಂಡದಲ್ಲಿಟ್ಟು ಮಾರೋವಾಗ ಕ್ರಿಸ್‌ಮಸ್ ಮರ ಅಂತಾರೆ. ಹೆಸರು ಕೇಳಿ ಯುರೋಪಿನದು ಅಂದುಕೊಳ್ಳಬೇಡಿ. ಇದರ ತವರು ಆಸ್ಟ್ರೇಲಿಯಾದ ಪೂರ್ವಕ್ಕಿರುವ ಪೆಸಿಫಿಕ್ ದ್ವೀಪಗಳು. 1774ರಲ್ಲಿ ಜೇಮ್ಸ್ ಕುಕ್‌ನ ಹಡಗು ನ್ಯೂ ಕ್ಯಾಲಿಡೋನಿಯಾದ ಹತ್ತಿರ ಹೋದಾಗ, ದೂರದಿಂದ ಕಂಡ ಈ ಮರಗಳನ್ನು ಹಡಗಿನ ಕೆಲವರು ಕಲ್ಲಿನ ಕಂಬ ಅಂತಲೇ ವಾದಿಸಿದ್ದರು.

ನಮ್ಮ ರಾಜ್ಯದ ಹತ್ತನೇ ಒಂದು ಪಾಲಿಗಿಂತ ಚಿಕ್ಕದಾದ ಆ ನ್ಯೂ ಕ್ಯಾಲಿಡೋನಿಯಾದಲ್ಲೇ, ಇಡೀ ಲೋಕದ 20 ಅರಾಕೇರಿಯ ಪ್ರಭೇದಗಳಲ್ಲಿ 14 ಇವೆ. ಇದೇ ಕುಟುಂಬಕ್ಕೆ ಸೇರಿದವು ಇನ್ನೆರಡು ಕುಲಗಳು: ಅಗಾಥಿಸ್ ಮತ್ತು ವೊಲೆಮಿಯಾ.

ಈ ಕುಟುಂಬದ ಗುರುತು ಕಾಯಿಯಲ್ಲಿದೆ. ಪೈನ್ ಮರದ ಕಾಯಿ ಬಿಡಿಸಿದರೆ ಒಂದೊಂದು ಹುರುಪೆಯ ಮೇಲೆ ಎರಡು ಬೀಜ ಸಿಗುತ್ತವೆ. ಇಲ್ಲಿ ಒಂದೇ. ಪರಾಗದ ರೀತಿಯೂ ಬೇರೆ. ಅದು ನೇರವಾಗಿ ಅಂಡದ ಬಾಯಿಗೆ ಬೀಳೋದಿಲ್ಲ. ಹುರುಪೆಯ ಮೇಲೆಲ್ಲೋ ಬಿದ್ದು, ಅಲ್ಲಿಂದ ಎಳೆ ಚಾಚಿಕೊಂಡು ಅಂಡವನ್ನು ಹುಡುಕಿ ಹೋಗುತ್ತೆ. ಆಸ್ಟ್ರೇಲಿಯಾದ ಬುನ್ಯಾ ಮರದ ಒಂದು ಕಾಯಿ 10 ಕಿಲೋ ತೂಗಬಹುದು. ಅದರ ಬೀಜ ಸಮೃದ್ಧವಾಗಿ ಬಿಟ್ಟ ವರ್ಷ ಅಲ್ಲಿನ ಮೂಲನಿವಾಸಿಗಳು ದೂರದೂರದಿಂದ ನಡೆದು ಬಂದು, ಸೇರಿ ಉಣ್ಣುತ್ತಿದ್ದರು.

ಈಗ ಹಿಂದಕ್ಕೆ ಹೋಗೋಣ, ತುಂಬ ಹಿಂದಕ್ಕೆ. ಅರ್ಜೆಂಟೀನಾದ ಪಟಗೋನಿಯಾದಲ್ಲಿ ಸೆರ್ರೊ ಕ್ವಾಡ್ರಾಡೊ ಅಂತ ಒಂದು ಜಾಗ. ಸುಮಾರು 16 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ಅಲ್ಲೊಂದು ಅರಾಕೇರಿಯ ಕಾಡನ್ನು ಹೂತುಹಾಕಿತು. ಕಾಯಿಗಳು ಕಲ್ಲಾದವು. ಒಂದನ್ನು ಸೀಳಿ ಪಾಲಿಶ್ ಮಾಡಿದರೆ ಬೀಜದೊಳಗಿನ ಭ್ರೂಣ ಕೂಡ ಕಾಣುತ್ತೆ. ನನಗೆ ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿಲ್ಲ. ಮೊಳೆಯಬೇಕಿದ್ದ ಜೀವ, ಇದ್ದ ಹಾಗೇ ಕಲ್ಲಾಗಿ ಕೂತಿದೆ.

ಆ ಕಾಲದಲ್ಲಿ ಈ ಮರಗಳು ಉತ್ತರ ಗೋಳದಲ್ಲೂ ಇದ್ದವು. ಇಂಗ್ಲೆಂಡಿನ ವಿಟ್ಬಿಯಲ್ಲಿ ಒಡವೆಗೆ ಬಳಸುವ ಕಪ್ಪು ಜೆಟ್ ಕಲ್ಲು ಇದೇ ಬಳಗದ ಮರದಿಂದ ಆದದ್ದು. ನಮ್ಮ ದೇಶದಲ್ಲೂ ಇದ್ದವು! ಕಛ್‌ನಲ್ಲಿ, ರಾಜಮಹಲ್ ಬೆಟ್ಟಗಳಲ್ಲಿ ಇವುಗಳ ಪಳೆಯುಳಿಕೆ ಸಿಕ್ಕಿದೆ. ಭಾರತ ಆಗಿನ್ನೂ ದಕ್ಷಿಣದ ಗೊಂಡ್ವಾನಾ ಎಂಬ ಮಹಾಖಂಡದ ನೆಲ. ಲಾಲ್‌ಬಾಗಿನಲ್ಲಿ ನಾವು ಪರದೇಶಿ ಅಂದುಕೊಂಡು ನೋಡುವ ಮರದ ನೆಂಟರು, ಹಿಮಾಲಯ ಹುಟ್ಟೋದಕ್ಕೂ ಮೊದಲೇ ಇಲ್ಲಿ ಬೇರು ಬಿಟ್ಟಿದ್ದರು. ಈಗ ಇಲ್ಲಿ ತಾನಾಗಿ ಬೆಳೆಯುವ ಒಂದೂ ಉಳಿದಿಲ್ಲ.

ಉಳಿದದ್ದು ಹೇಗೆ ಉಳಿದಿದೆ ನೋಡಿ. 1994ರಲ್ಲಿ ಡೇವಿಡ್ ನೋಬಲ್ ಎಂಬ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ ಸಿಡ್ನಿಯ ವಾಯವ್ಯಕ್ಕಿರುವ ಕಾಡಿನಲ್ಲಿ ಹಗ್ಗ ಹಿಡಿದು ಒಂದು ಆಳ ಕಮರಿಗೆ ಇಳಿದರು. ಅಲ್ಲಿ ಅವರಿಗೆ ಗುರುತೇ ಸಿಗದ ಮರಗಳಿದ್ದವು. ಅದೇ ವೊಲೆಮಿಯಾ. ಕಾಡಿನಲ್ಲಿ ಬೆಳೆದು ನಿಂತವು ನೂರಕ್ಕೂ ಕಡಿಮೆ. 2019-20ರ ಕಾಳ್ಗಿಚ್ಚು ಕಮರಿಯ ಅಂಚಿಗೆ ಬಂದಾಗ, ಅಗ್ನಿಶಾಮಕದವರು ಹೆಲಿಕಾಪ್ಟರಿನಿಂದ ಇಳಿದು ಪೈಪು ಹಾಕಿ ನೆಲಕ್ಕೆ ನೀರುಣಿಸಿದರು.

ನ್ಯೂಜಿಲೆಂಡಿನ ಕೌರಿ, ಅಂದರೆ ಅಲ್ಲಿನ ಅಗಾಥಿಸ್, ಅದರ ಕಷ್ಟ ನಮ್ಮ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತೆ. ಮಳೆಗಾಲದಲ್ಲಿ ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಇದೆಯಲ್ಲ, ಅದರದೇ ಕುಲದ ಇನ್ನೊಂದು ಜೀವಿ ಕೌರಿಯ ಬೇರನ್ನು ಕೊಳೆಸುತ್ತಿದೆ. ನೂರಾರು ವರ್ಷದ ಮರವೂ ಒಣಗಿ ನಿಲ್ಲುತ್ತೆ. ಖಾತ್ರಿಯಾದ ಮದ್ದು ಇನ್ನೂ ಸಿಕ್ಕಿಲ್ಲ. ಬೂಟಿಗೆ ಅಂಟಿದ ಚೂರು ಮಣ್ಣು ಸಾಕು ರೋಗ ಹರಡೋಕೆ. ಹಾಗಾಗಿ ಕಾಡಿನ ದಾರಿಯ ಬಾಯಲ್ಲೇ ಬ್ರಷ್ ಇಟ್ಟಿದ್ದಾರೆ. ನಡೆಯೋಕೆ ಬಂದವರು ಅಲ್ಲಿ ನಿಂತು ಬೂಟು ಉಜ್ಜಿ, ಔಷಧಿ ಸಿಂಪಡಿಸಿಕೊಂಡು, ಬೇರಿನ ಮೇಲೆ ಕಾಲು ಬೀಳದ ಹಾಗೆ ಹಾಸಿದ ಹಲಗೆಯ ಮೇಲೆ ಒಳಗೆ ಹೋಗ್ತಾರೆ.