ಹಲ್ಲಿನ ಮೇಲಿನ ಕಂದು ಗೆರೆ



ಚನ್ನಗಿರಿ, ಹೊನ್ನಾಳಿ, ಜಗಳೂರು ತಾಲ್ಲೂಕುಗಳು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಮೊದಲೆರಡು ಶಿವಮೊಗ್ಗದಿಂದ ಬಂದವು, ಮೂರನೆಯದು ಚಿತ್ರದುರ್ಗದಿಂದ. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾಯಿತು. ನಾಲ್ಕಕ್ಕೂ ಜಿಲ್ಲಾಸ್ಪತ್ರೆ ಒಂದೇ, ಆರೋಗ್ಯ ಇಲಾಖೆಯ ನಿಯಮವೂ ಒಂದೇ: ಬಯಲು ಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರ. ಆದರೆ ನೀರು ಒಂದೇ ಅಲ್ಲ.

ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತದೆ. ನ್ಯಾಮತಿಗೂ ಹೊಳೆ ದೂರವಲ್ಲ. ಚನ್ನಗಿರಿಗೆ ಸೂಳೆಕೆರೆಯಿದೆ, ಭದ್ರಾ ನಾಲೆಯಿದೆ. ಪೂರ್ವದ ಜಗಳೂರಿಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ಕೈಕೊಟ್ಟಾಗಲೆಲ್ಲ ಅಲ್ಲಿನವರು ನೆಲವನ್ನೇ ಕೊರೆದರು. ಕೊರೆದಷ್ಟೂ ನೀರು ಆಳಕ್ಕಿಳಿಯಿತು. ಆಳದ ನೀರು ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತಿರುತ್ತದೆ. ಕಲ್ಲಿನಲ್ಲಿರುವ ಫ್ಲೋರೈಡ್ ನಿಧಾನವಾಗಿ ಅದರಲ್ಲಿ ಕರಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನೋಟಕ್ಕೆ ಆ ನೀರು ಹೊಳೆಯ ನೀರಿಗಿಂತ ತಿಳಿ. ಮೋಸವಿರುವುದೇ ಅಲ್ಲಿ.

ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಫ್ಲೋರೈಡ್ ಅಪಾಯ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ಶಾಶ್ವತ ಹಲ್ಲಿನ ಕವಚ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆ ಅವಧಿಯಲ್ಲಿ ಕುಡಿದ ನೀರು ಹಲ್ಲಿನ ಮೇಲೆ ಕಂದು ಗೆರೆಯಾಗಿ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಹೋಗದು. ಮುಂದೆ ಅದೇ ನೀರು ಕುಡಿಯುತ್ತ ಬಂದವರಿಗೆ ಬೆನ್ನು ಬಿಗಿಯುತ್ತದೆ, ಮಂಡಿ ಮಡಿಯುವುದಿಲ್ಲ. ಹಿಂದಕ್ಕೆ ತಿರುಗಿಸುವ ಮದ್ದು ಯಾವ ಆಸ್ಪತ್ರೆಯಲ್ಲೂ ಇಲ್ಲ. ವೈದ್ಯರು ಕೊಡಬಲ್ಲದ್ದು ನೋವಿನ ಗುಳಿಗೆ. ಹೀಗಿರುವಾಗ ಆಸ್ಪತ್ರೆ ಎಷ್ಟು ಕಿಲೋಮೀಟರು ಎಂಬ ಲೆಕ್ಕದಿಂದಷ್ಟೇ ಜಗಳೂರಿನ ಆರೋಗ್ಯವನ್ನು ಅಳೆಯಲಾಗದು. ಹೊಳೆ ಎಷ್ಟು ದೂರ ಎಂದೂ ಕೇಳಬೇಕು. ಆದರೆ ನೀರಿನ ಕಡತ ಒಂದು ಇಲಾಖೆಯದು, ಮಂಡಿನೋವಿನ ಕಡತ ಇನ್ನೊಂದರದು.

ಭಾರತದಲ್ಲಿ ಈ ಕಾಯಿಲೆ ವೈದ್ಯರ ಬರಹದಲ್ಲಿ ದಾಖಲಾದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಿಂದ. ಪೂರ್ವ ಆಫ್ರಿಕದ ಟಾಂಜಾನಿಯದಲ್ಲಿ ಕಿಲಿಮಂಜಾರೊ, ಅರುಷಾ ಸುತ್ತಲಿನ ಹಳ್ಳಿಗಳದೂ ಇದೇ ಕಥೆ. ಅಲ್ಲಿ ಫ್ಲೋರೈಡ್ ಬರುವುದು ಜ್ವಾಲಾಮುಖಿಯ ಕಲ್ಲಿನಿಂದ; ಮಕ್ಕಳ ಹಲ್ಲಿನ ಕಂದು ಬಣ್ಣ ಮಾತ್ರ ಜಗಳೂರಿನದೇ. ಸ್ವಾರಸ್ಯವೆಂದರೆ, ಪಟಿಕದಂಥ ಅಲ್ಯೂಮಿನಿಯಂ ಲವಣ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ ಭಾರತದ ‘ನಲಗೊಂಡ ವಿಧಾನ’ ಸಮುದ್ರ ದಾಟಿ ಟಾಂಜಾನಿಯದ ಹಳ್ಳಿಯ ಬಕೆಟ್ಟುಗಳಲ್ಲಿ ಪ್ರಯೋಗವಾಯಿತು. ಅಗ್ಗದ ವಿಧಾನ ನಿಜ. ಆದರೆ ದಿನವೂ ಅಳೆದು ಬೆರೆಸಬೇಕು, ತಳದ ಕೆಸರನ್ನು ದೂರ ಚೆಲ್ಲಬೇಕು. ಹೊಲಕ್ಕೆ ಹೊರಟ ಹೆಂಗಸಿಗೆ ಅಷ್ಟು ವ್ಯವಧಾನ ಎಲ್ಲಿ?

ಕರ್ನಾಟಕದ ಹಳ್ಳಿಗಳಿಗೆ ಈಗ ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧೀಕರಣ ಘಟಕಗಳು ಬಂದಿವೆ. ಘಟಕದ ಪೊರೆ ಫ್ಲೋರೈಡನ್ನು ತಡೆಯುತ್ತದೆ; ಪೊರೆ ಹಾಳಾದರೆ ಅಥವಾ ಕರೆಂಟು ಹೋದರೆ ಊರು ಮತ್ತೆ ಕೊಳವೆಬಾವಿಗೆ. ತುಂಗಭದ್ರೆಯ ನೀರನ್ನು ಎತ್ತಿ ತಂದು ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಇದಕ್ಕಿಂತ ದೊಡ್ಡ ಮಾತು. ಅದನ್ನು ನೀರಾವರಿ ಎಂದಷ್ಟೇ ಬಗೆಯುವುದು ತಪ್ಪು. ಕೆರೆ ತುಂಬಿ ಅಂತರ್ಜಲ ಮೇಲೆದ್ದರೆ ಅಷ್ಟು ಆಳದ ನೀರಿಗೆ ಕೈಚಾಚಬೇಕಿಲ್ಲ.

ಅಲ್ಲಿಯವರೆಗೆ ಅಡಿಗೆಮನೆಯಲ್ಲಿ ಒಂದೆರಡು ಸಂಗತಿ ನೆನಪಿರಲಿ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ರಾಗಿ, ಹಾಲುಗಳ ಸುಣ್ಣದಂಶ ಎಲುಬಿಗೆ ಒಂದಿಷ್ಟು ಆಸರೆ. ಘಟಕದ ನೀರನ್ನು ಕುಡಿಯಲು ಮಾತ್ರ ಎತ್ತಿಟ್ಟು, ಮುದ್ದೆಗೂ ಸಾರಿಗೂ ಚಹಾಕ್ಕೂ ಕೊಳವೆಬಾವಿಯ ನೀರನ್ನೇ ಸುರಿದರೆ, ಬಿಟ್ಟ ಫ್ಲೋರೈಡ್ ತಟ್ಟೆಯ ದಾರಿಯಲ್ಲಿ ಮತ್ತೆ ಒಳಗೆ ಬರುತ್ತದೆ.